ತಡವಾದ ಕಾರಣ

ತೋರಣಗಲ್ಲಿಗೆ ದಿನಕ್ಕೊಂದೇ ವಿಮಾನ.
ಪಂಖ ತಿರುಗಿಸುತ್ತ ಬರುತ್ತೆ,
ಉಕ್ಕಿನ ಕಾರ್ಖಾನೆಯ ಸಾಹೇಬರನ್ನು ಇಳಿಸಿ
ಇನ್ನಷ್ಟು ಸಾಹೇಬರನ್ನು ಹೊತ್ತು ಹೋಗುತ್ತೆ.
ನಡುವಿನ ಇಪ್ಪತ್ತೈದು ನಿಮಿಷ ಅದು ನಮ್ಮದು.

ಗಾದಿಲಿಂಗ ಗಾಲಿಗೆ ಅಡ್ಡ ಕೊಡುತ್ತಾನೆ:
ಹಳದಿ ಬಳಿದ ಎರಡು ರಬ್ಬರ್ ತುಂಡು, ನಡುವೆ ಒಂದು ಹಗ್ಗ.
ಅವನ ಅಪ್ಪ ಅದಿರು ಲಾರಿಯ ಕ್ಲೀನರ್,
ಸಂಡೂರಿನ ಇಳಿಜಾರಲ್ಲಿ ಹಿಂದಿನ ಗಾಲಿಗೆ ಕಲ್ಲು ಕೊಟ್ಟವನು.
‘ಮನಿತನದ ಕಸುಬು ಅಕ್ಕಾ,
ಕಲ್ಲು ಹೋಗಿ ರಬ್ಬರ್ ಬಂತು, ಅಷ್ಟ.’

ನಾನು ತೂಕ ನೋಡುವವಳು, ಚೀಟಿ ಅಂಟಿಸುವವಳು,
ಹದಿನೈದರ ಮೇಲೆ ಒಂದು ಕಿಲೋ ಏರಿದರೂ
ನಗುತ್ತಲೇ ದುಡ್ಡು ಕೇಳುವವಳು.
ಆ ಒಂದು ಕಿಲೋದ ದುಡ್ಡು
ನಮ್ಮ ಒಂದು ದಿನದ ಕೂಲಿಗಿಂತ ಮೂವತ್ತು ರೂಪಾಯಿ ಜಾಸ್ತಿ.
ಲೆಕ್ಕ ಹಾಕಿದವನು ಎರ್ರಿಸ್ವಾಮಿ.
‘ಹಂಗಾದ್ರ ನಾವು ಕಿಲೋಕ್ಕಿಂತ ಹಗುರ ಅದೀವಿ,’ ಅಂದ,
ಅಂದು ಇಪ್ಪತ್ತೆರಡು ಕಿಲೋದ ಪೆಟ್ಟಿಗೆ ಹೆಗಲಿಗೆ ಎತ್ತಿದ.

ಸಂಘ ಇದೆ. ಇಲ್ಲ ಅನ್ನುವಂತಿಲ್ಲ.
ತಿಂಗಳಿಗೆ ಐವತ್ತು ರೂಪಾಯಿ, ಗುಲಾಬಿ ಬಣ್ಣದ ರಸೀದಿ.
ಮುಖಂಡರು ಹೈದರಾಬಾದಿನಲ್ಲಿ.
ಒಮ್ಮೆ ಬಂದಿದ್ದರು, ನಮ್ಮ ವಿಮಾನದಲ್ಲೇ.
ಕುಡಿತಿನಿಯ ಡಾಬಾದಲ್ಲಿ ಒಗ್ಗರಣೆ ಮಿರ್ಚಿ ತಿಂದು
‘ನಿಮ್ಮ ಬೆವರು ನನ್ನ ಬೆವರು’ ಅಂದರು.
ಮೇ ತಿಂಗಳು. ಅವರ ಅಂಗಿ ಒಣಗೇ ಇತ್ತು.
ವಾಪಸ್ ಹೋಗುವಾಗ ಪೆಟ್ಟಿಗೆ ಹತ್ತೊಂಬತ್ತು ಕಿಲೋ ತೂಗಿತು.
ಬಿಟ್ಟೆ.

ಶ್ರಾವಣದಲ್ಲಿ ಒಪ್ಪಂದ ಬಂತು, ಹದಿನೆಂಟು ಪುಟ.
ಹೊನ್ನೂರ್ ವಲಿ ಬೆರಳಿಟ್ಟು ಬೆರಳಿಟ್ಟು ಓದಿದ.
ಹದಿನಾರನೇ ಪುಟದಲ್ಲಿ ಬೆರಳು ನಿಂತಿತು:
ಈ ಏರಿಕೆ ಗುತ್ತಿಗೆಯವರಿಗೆ ಅನ್ವಯಿಸುವುದಿಲ್ಲ.
ಕೆಳಗೆ ಕಂಪನಿಯ ಸಹಿ, ಪಕ್ಕಕ್ಕೆ ಸಂಘದ ಸಹಿ,
ಎರಡೂ ಒಂದೇ ಹಸಿರು ಪೆನ್ನಿನವು.

ಫೋನು ಮಾಡಿದರೆ, ‘ಮೊದಲು ಕಾಯಂನವರದು ಆಗಲಿ ತಂಗಿ.’
ಇಲ್ಲಿ ಕಾಯಂ ಯಾರು ಅಂತ ಎಣಿಸಿದೆವು.
ಮ್ಯಾನೇಜರ್ ಒಬ್ಬರು.
ಮತ್ತೆ, ಗಾಳಿಯ ದಿಕ್ಕು ತೋರಿಸುವ ಆ ಬಟ್ಟೆಯ ಚೀಲ.
ಅದನ್ನೂ ಹರಿದರೆ ಬದಲಾಯಿಸುತ್ತಾರೆ.

ಗುರುವಾರ. ಬಾಗಿಲು ಮುಚ್ಚಿತು, ಏಣಿ ಸರಿಯಿತು,
ಪೈಲಟ್ ಹೆಬ್ಬೆರಳು ಎತ್ತಿದ.
ಗಾದಿಲಿಂಗ ಅಡ್ಡ ತೆಗೆಯಲಿಲ್ಲ.
ಘೋಷಣೆ ಇಲ್ಲ, ಬಾವುಟ ಇಲ್ಲ,
ಹಗ್ಗ ಹಿಡಿದು ಸುಮ್ಮನೆ ನಿಂತ,
ಎತ್ತು ನೀರು ಕುಡಿದು ಮುಗಿಸಲಿ ಅಂತ ಕಾಯುವವನ ಹಾಗೆ.
ಎರ್ರಿಸ್ವಾಮಿ ಹೋಗಿ ಪಕ್ಕದಲ್ಲಿ ನಿಂತ.
ವಲಿ ಲಗೇಜಿನ ಗಾಡಿ ಆರಿಸಿ, ಇಳಿದು, ನಡೆದು ಹೋಗಿ ನಿಂತ.
ನಾನು ಗಾಜಿನ ಒಳಗಿದ್ದೆ.
ಬಾಗಿಲಿಗೆ ಹತ್ತು ಹೆಜ್ಜೆ.

ನಾಲ್ಕು ನಿಮಿಷ.
ಅಷ್ಟು ದೊಡ್ಡ ಸದ್ದು
ಅಷ್ಟು ಸಣ್ಣ ರಬ್ಬರಿಗೆ ಒರಗಿಕೊಂಡಿತ್ತು.
ಆಮೇಲೆ ಅವನೇ ಹಗ್ಗ ಎಳೆದ, ಕೈ ಬೀಸಿದ,
ಕೆಂಧೂಳು ಎಬ್ಬಿಸಿಕೊಂಡು ಅದು ಹೋಯಿತು.

ತಡವಾದರೆ ಕಾರಣ ಬರೆಯಬೇಕು, ಅದು ನನ್ನ ಕೆಲಸ.
ಪಟ್ಟಿಯಲ್ಲಿ ಮಂಜು ಇದೆ, ಗಾಳಿ ಇದೆ, ಟೈರು ಇದೆ,
ವಾಂತಿ ಮಾಡಿಕೊಂಡ ಪ್ರಯಾಣಿಕ ಇದ್ದಾನೆ,
ರನ್‌ವೇ ಮೇಲೆ ನಾಯಿ ಇದೆ.
ಕೂಲಿ ಇಲ್ಲ.
ಎರಡು ಸಲ ಮೇಲಿಂದ ಕೆಳಗೆ ಹುಡುಕಿ
ನಾಯಿ ಅಂತ ಬರೆದೆ.

ಸಂಜೆ ಫೋನು ಬಂತು. ಕಂಪನಿಯದಲ್ಲ,
ಸಂಘದ್ದು. ‘ಯಾರನ್ನ ಕೇಳಿ ನಿಲ್ಲಿಸಿದಿರಿ?
ಶಿಸ್ತು ಅನ್ನೋದು ಬೇಡವಾ?’
‘ನಾಯಿ ಸರ್,’ ಅಂದೆ. ‘ನಾಯಿ ಬಂದಿತ್ತು.’
ಆ ಕಡೆ ಯಾರೋ ಕೆಮ್ಮಿದರು, ಕುರ್ಚಿ ಸರಿದ ಸದ್ದು.
‘ಎಷ್ಟು ನಾಯಿ?’
‘ಮೂರು,’ ಅಂದೆ.

ಫೋನಿಟ್ಟೆ. ಕಿಟಕಿಯಾಚೆ ಕಾರ್ಖಾನೆಯ ಬೆಂಕಿ
ಮೋಡದ ಹೊಟ್ಟೆಯನ್ನು ಕೆಂಪಗೆ ಮಾಡಿತ್ತು.
ನಾಲ್ಕು ಅನ್ನಬೇಕಿತ್ತು.